ವಿಡಿಯೊ ಕಾನ್ಫರೆನ್ಸ್ ಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್‌ಗಳು: ಏಳು ಪ್ರಶ್ನೆಗಳ ಒಂದು ಪಾಠ

ಪೀಠಿಕೆ

ಒಂದು ಕೇಂದ್ರದಲ್ಲಿ ಕುಳಿತ ವಿಷಯ ಶಿಕ್ಷಕರು ದೂರದ ಹಲವು ಶಾಲೆಗಳಿಗೆ ಏಕಕಾಲದಲ್ಲಿ ಪಾಠ ಮಾಡುವ ವ್ಯವಸ್ಥೆ ಇಂದು ಹೊಸದಲ್ಲ. ಗಣಿತಕ್ಕೋ ವಿಜ್ಞಾನಕ್ಕೋ ಶಿಕ್ಷಕರಿಲ್ಲದ ಶಾಲೆಗೆ ಪರದೆಯ ಮೇಲಿನ ಆ ನಲವತ್ತು ನಿಮಿಷವೇ ವಾರದ ಪಾಠವಾಗಿರಬಹುದು. ಆ ಅವಧಿಯಲ್ಲಿ ಹದಿನೈದು ನಿಮಿಷ “ಕೇಳಿಸ್ತಿದೆಯಾ?”, “ಚಿತ್ರ ಬರ್ತಿಲ್ಲ” ಎನ್ನುವುದರಲ್ಲೇ ಕಳೆದರೆ ನಷ್ಟ ಯಂತ್ರಕ್ಕಲ್ಲ, ಮಕ್ಕಳಿಗೆ. ತಂತ್ರಜ್ಞರು ಬರಲು ದಿನಗಳು ಬೇಕು. ಬಂದವರೂ ಮೊದಲು ಕೇಳುವುದು “ಏನಾಗುತ್ತಿದೆ ಹೇಳಿ” ಎಂದೇ. ಆಗ “ಯಂತ್ರ ಕೆಟ್ಟಿದೆ” ಎನ್ನುವ ಶಿಕ್ಷಕರಿಗೂ “ಕರೆ ಸೇರುತ್ತದೆ, ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ” ಎನ್ನುವ ಶಿಕ್ಷಕರಿಗೂ ಬಹಳ ವ್ಯತ್ಯಾಸವಿದೆ. ಎರಡನೆಯವರು ಅರ್ಧ ರಿಪೇರಿಯನ್ನು ತಾವೇ ಮಾಡಿದಂತೆ.

ಯಂತ್ರದ ನೆಟ್‌ವರ್ಕ್ ಪುಟ ತೆರೆದರೆ ಇಪ್ಪತ್ತಕ್ಕೂ ಹೆಚ್ಚು ಖಾಲಿ ಚೌಕಗಳು ಕಾಣುತ್ತವೆ. ಅವನ್ನು ಮೇಲಿನಿಂದ ಕೆಳಕ್ಕೆ ಪಟ್ಟಿಯಂತೆ ಕಲಿಸಿದರೆ ಕಲಿಯುವವರು ಬಾಯಿಪಾಠ ಮಾಡುತ್ತಾರೆ. ಬೇರೆ ಕಂಪನಿಯ ಯಂತ್ರ ಎದುರಾದ ಕೂಡಲೇ ಎಲ್ಲವೂ ಮರೆತುಹೋಗುತ್ತದೆ. ಆದ್ದರಿಂದ ಈ ಪಾಠವನ್ನು ಒಂದೇ ತತ್ವದ ಮೇಲೆ ಯೋಜಿಸಲಾಯಿತು: ಪ್ರತಿಯೊಂದು ಸೆಟ್ಟಿಂಗ್ ಯಾವುದೋ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಗೊತ್ತಿದ್ದವರಿಗೆ ಚೌಕದ ಹೆಸರು ಬದಲಾದರೂ ದಾರಿ ತಪ್ಪುವುದಿಲ್ಲ.

ಪಾಠ ಯೋಜನೆಯ ವಿವರ

ವಿಷಯ: ಶಿಕ್ಷಣದಲ್ಲಿ ಐಸಿಟಿ (ಪ್ರಾಯೋಗಿಕ).
ಘಟಕ: ವಿಡಿಯೊ ಕಾನ್ಫರೆನ್ಸ್ ಯಂತ್ರದ ನೆಟ್‌ವರ್ಕ್ ಸೇವೆಗಳ ಸಂಯೋಜನೆ.
ಕಲಿಯುವವರು: ಸಹ ಪ್ರಶಿಕ್ಷಣಾರ್ಥಿಗಳು, ನಾಲ್ವರ ಆರು ಗುಂಪು. ಹೆಚ್ಚಿನವರು ಭಾಷೆ ಮತ್ತು ಸಮಾಜ ವಿಜ್ಞಾನ ವಿಭಾಗದವರು.
ಅವಧಿ: ತಲಾ 45 ನಿಮಿಷದ ಎರಡು ಅವಧಿ.
ಪೂರ್ವಜ್ಞಾನ: ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿದ ಅನುಭವ, ವೈಫೈ, ರೂಟರ್ ಎಂಬ ಪದಗಳ ಪರಿಚಯ.
ಬೋಧನೋಪಕರಣಗಳು: ಐಸಿಟಿ ಪ್ರಯೋಗಾಲಯದ ವಿಡಿಯೊ ಕಾನ್ಫರೆನ್ಸ್ ಯಂತ್ರ, ಒಂದು ಲ್ಯಾಪ್‌ಟಾಪ್, ಅಂಚೆ ಲಕೋಟೆಗಳು, ಲಕ್ಷಣ ಚೀಟಿಗಳು, ಕಪ್ಪುಹಲಗೆ.

ಕಲಿಕಾ ಉದ್ದೇಶಗಳು: ಪಾಠದ ಕೊನೆಗೆ ಪ್ರಶಿಕ್ಷಣಾರ್ಥಿಯು
1. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಇವುಗಳ ಕೆಲಸವನ್ನು ಸ್ವಂತ ಮಾತಿನಲ್ಲಿ ವಿವರಿಸುವರು.
2. ಕರೆಯನ್ನು ಕುದುರಿಸುವ ಸಂದೇಶವೂ ಮಾತು-ಚಿತ್ರದ ಹರಿವೂ ಬೇರೆ ಬೇರೆ ಎಂಬುದನ್ನು ಗುರುತಿಸುವರು.
3. ಶಾಲೆಯ ಸಂಪರ್ಕಕ್ಕೆ ತಕ್ಕ ಕರೆಯ ವೇಗವನ್ನು ಲೆಕ್ಕ ಹಾಕುವರು.
4. ಲಕ್ಷಣವನ್ನು ನೋಡಿ ದೋಷ ಯಾವ ಪ್ರಶ್ನೆಯ ಬಳಿ ಇದೆ ಎಂದು ಹೇಳುವರು.

ಹಂತ 1: ತೊಡಗಿಸುವಿಕೆ (10 ನಿಮಿಷ)

ತರಗತಿಗೆ ಹಾಕಿದ ಪ್ರಶ್ನೆ: “ಮೊಬೈಲಿನಲ್ಲಿ ಹೆಸರು ಒತ್ತಿದರೆ ವಿಡಿಯೊ ಕರೆ ಹೋಗುತ್ತದೆ. ಈ ಯಂತ್ರಕ್ಕೆ ಮಾತ್ರ ಇಷ್ಟೊಂದು ಚೌಕ ತುಂಬಬೇಕು. ಏಕೆ?” ಬಂದ ಉತ್ತರಗಳು: “ಇದು ಹಳೆಯ ಯಂತ್ರ”, “ಇದು ದೊಡ್ಡದು”. ಉತ್ತರಗಳನ್ನು ಹಲಗೆಯ ಮೂಲೆಯಲ್ಲಿ ಬರೆದು ಹಾಗೆಯೇ ಬಿಡಲಾಯಿತು. ನಂತರ ವಿವರಣೆ: ಮೊಬೈಲಿನ ಆ್ಯಪ್‌ನಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರವನ್ನು ಕಂಪನಿಯ ಸರ್ವರ್ ಮೊದಲೇ ಕೊಟ್ಟಿರುತ್ತದೆ. ಕೊಠಡಿಯಲ್ಲಿ ಕೂರಿಸುವ ಯಂತ್ರ ಯಾವ ಸರ್ವರಿಗೂ ಅಂಟಿಕೊಳ್ಳದೆ, ಇನ್ನೊಂದು ಕಂಪನಿಯ ಯಂತ್ರದೊಡನೆಯೂ ನೇರವಾಗಿ ಮಾತನಾಡಬಲ್ಲದು. ಆ ಸ್ವಾತಂತ್ರ್ಯ ಬೇಕಾದರೆ ಉತ್ತರಗಳನ್ನು ನಾವು ಬರೆಯಬೇಕು.

ಹಂತ 2: ಅನ್ವೇಷಣೆ: ಹಾಸ್ಟೆಲ್ ಪತ್ರದ ಚಟುವಟಿಕೆ (20 ನಿಮಿಷ)

ಈ ಪಾಠದ ಜೀವಾಳ ಈ ಚಟುವಟಿಕೆ. ಒಂದು ಗುಂಪು ಹಾಸ್ಟೆಲ್. ಅದರಲ್ಲೊಬ್ಬರು ಕೊಠಡಿ 12ರ ನಿವಾಸಿ, ಒಬ್ಬರು ವಾರ್ಡನ್. ಇನ್ನೊಂದು ಗುಂಪು ಊರಿನ ಗೆಳತಿಯ ಮನೆ. ಒಬ್ಬರು ಅಂಚೆಯಣ್ಣ.

ನಿವಾಸಿ ಪತ್ರ ಬರೆಯುತ್ತಾರೆ: “ನನಗೆ ಪುಸ್ತಕದ ಪಾರ್ಸೆಲ್ ಕಳಿಸು. ವಿಳಾಸ: ಕೊಠಡಿ 12.” ವಾರ್ಡನ್ ಅದನ್ನು ಲಕೋಟೆಗೆ ಹಾಕಿ, ಕಳಿಸಿದವರ ವಿಳಾಸದ ಜಾಗದಲ್ಲಿ ಹಾಸ್ಟೆಲಿನ ಪೂರ್ಣ ವಿಳಾಸ ಬರೆಯುತ್ತಾರೆ. ಪತ್ರ ಗೆಳತಿಗೆ ತಲುಪುತ್ತದೆ. ಅವರು ಸಹಿ ಮಾಡಿದ ಸ್ವೀಕೃತಿ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಿವಾಸಿಗೆ ಸಂತೋಷ: “ಸಂಪರ್ಕ ಆಯಿತು!” ಈಗ ಗೆಳತಿ ಪಾರ್ಸೆಲ್ ಕಳಿಸಬೇಕು. ನಿಯಮ ಒಂದೇ: ಪಾರ್ಸೆಲ್ ಮೇಲೆ ಪತ್ರದ ಒಳಗಿದ್ದ ವಿಳಾಸವನ್ನೇ ಬರೆಯಬೇಕು, ಲಕೋಟೆಯ ಮೇಲಿನದನ್ನಲ್ಲ. “ಕೊಠಡಿ 12” ಎಂದು ಬರೆದ ಪಾರ್ಸೆಲ್ ಹಿಡಿದು ಅಂಚೆಯಣ್ಣ ತರಗತಿಯ ಮಧ್ಯೆ ನಿಲ್ಲುತ್ತಾರೆ. ಯಾವ ಹಾಸ್ಟೆಲಿನ ಕೊಠಡಿ 12? ಇದೇ ಹೊತ್ತಿನಲ್ಲಿ ನಿವಾಸಿ ಗೆಳತಿಗೆ ಕಳಿಸಿದ ಪಾರ್ಸೆಲ್ ಮಾತ್ರ ಸರಿಯಾಗಿ ತಲುಪುತ್ತದೆ, ಏಕೆಂದರೆ ಗೆಳತಿಯ ವಿಳಾಸ ಊರಿಗೆಲ್ಲ ಗೊತ್ತು.

ಗುಂಪುಗಳಿಗೆ ಕೇಳಿದ್ದು: “ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಸರಿಪಡಿಸಲು ಯಾರು ಯಾರು ಏನು ಮಾಡಬೇಕು?” ಚರ್ಚೆಯ ನಂತರ ಗುಂಪುಗಳೇ ಎರಡು ಉಪಾಯ ಹೇಳಿದವು. ಒಂದು, ನಿವಾಸಿ ಪತ್ರದ ಒಳಗೂ ಹಾಸ್ಟೆಲಿನ ಪೂರ್ಣ ವಿಳಾಸ ಬರೆಯಬೇಕು. ಎರಡು, ಇಂಥ ಗುರುತಿನ ಪಾರ್ಸೆಲ್ ಬಂದರೆ ಕೊಠಡಿ 12ಕ್ಕೆ ಕೊಡಿ ಎಂದು ವಾರ್ಡನ್‌ಗೆ ಮೊದಲೇ ಹೇಳಿರಬೇಕು. ಒಂದೇ ಮಾಡಿದರೆ ಸಾಲದು ಎಂಬುದನ್ನೂ ಆಟವಾಡಿಯೇ ಕಂಡುಕೊಂಡರು.

ಹಂತ 3: ವಿವರಣೆ: ಏಳು ಪ್ರಶ್ನೆಗಳು (35 ನಿಮಿಷ)

ಮೊದಲ ಪ್ರಶ್ನೆ: ನಾನು ಯಾರು, ನನ್ನ ಬೀದಿ ಯಾವುದು?
ಇದಕ್ಕೆ ಉತ್ತರ ಐಪಿ ವಿಳಾಸ ಮತ್ತು ಸಬ್‌ನೆಟ್ ಮಾಸ್ಕ್. ಉದಾಹರಣೆಗೆ ವಿಳಾಸ 192.168.10.25, ಮಾಸ್ಕ್ 255.255.255.0 ಇದ್ದರೆ ಮೊದಲ ಮೂರು ಸಂಖ್ಯೆ ಬೀದಿ, ಕೊನೆಯದು ಮನೆ ನಂಬರು. 0 ಬೀದಿಯದೇ ಹೆಸರು, 255 ಬೀದಿಯವರಿಗೆಲ್ಲ ಸಾರುವ ವಿಳಾಸ. ಉಳಿದ 254 ಮನೆಗಳು. ವಿಳಾಸವನ್ನು ಡಿಎಚ್‌ಸಿಪಿ ಮೂಲಕ ತಾನೇ ಪಡೆಯಬಹುದು, ನಾವೇ ಸ್ಥಿರವಾಗಿ ಬರೆಯಲೂಬಹುದು. ಡಿಎಚ್‌ಸಿಪಿ ಎಂದರೆ ಬಸ್ಸಿನಲ್ಲಿ ಖಾಲಿ ಇದ್ದ ಸೀಟಿನಲ್ಲಿ ಕೂರುವುದು. ಸ್ಥಿರ ವಿಳಾಸ ಎಂದರೆ ಮುಂಗಡ ಕಾಯ್ದಿರಿಸಿದ ಸೀಟು. ಇತರರು ನಮ್ಮನ್ನು ಹುಡುಕಿ ಕರೆಯಬೇಕಾದ ಯಂತ್ರಕ್ಕೆ ಕಾಯ್ದಿರಿಸಿದ ಸೀಟೇ ಲೇಸು. ಆದರೆ ಅದೇ ನಂಬರನ್ನು ಇನ್ನೊಂದು ಕಂಪ್ಯೂಟರಿಗೂ ಕೊಟ್ಟರೆ ಇಬ್ಬರೂ ಜಗಳವಾಡುತ್ತಾರೆ, ಕರೆ ನಡುನಡುವೆ ಕಡಿಯುತ್ತದೆ. ಪರದೆಯಲ್ಲಿ 169.254 ಎಂದು ಆರಂಭವಾಗುವ ವಿಳಾಸ ಕಂಡರೆ ಯಂತ್ರಕ್ಕೆ ಡಿಎಚ್‌ಸಿಪಿ ಸಿಗದೆ ತಾನೇ ಒಂದು ನಂಬರು ಇಟ್ಟುಕೊಂಡಿದೆ ಎಂದರ್ಥ. ಮೊದಲು ಕೇಬಲ್ ನೋಡಬೇಕು.

ಎರಡನೆಯ ಪ್ರಶ್ನೆ: ಬೀದಿಯಿಂದ ಹೊರಗೆ ಹೋಗುವ ಬಾಗಿಲು ಯಾವುದು?
ಇದು ಗೇಟ್‌ವೇ, ಸಾಮಾನ್ಯವಾಗಿ ರೂಟರಿನ ಒಳವಿಳಾಸ. ಬಾಗಿಲು ನಮ್ಮ ಬೀದಿಯಲ್ಲೇ ಇರಬೇಕು. ಯಂತ್ರ 192.168.10.25 ಆಗಿದ್ದು ಗೇಟ್‌ವೇ 192.168.1.1 ಎಂದು ಬರೆದರೆ ಪಕ್ಕದ ಕೊಠಡಿಗೆ ಕರೆ ಹೋಗುತ್ತದೆ, ಪಕ್ಕದ ಊರಿಗೆ ಹೋಗುವುದಿಲ್ಲ.

ಮೂರನೆಯ ಪ್ರಶ್ನೆ: ಹೆಸರು ಹೇಳಿದರೆ ನಂಬರು ಕೊಡುವವರು ಯಾರು?
ಡಿಎನ್‌ಎಸ್ ಸರ್ವರ್. ನಂಬರು ಒತ್ತಿದರೆ ಕರೆ ಹೋಗಿ, ಹೆಸರು ಬರೆದರೆ ಹೋಗದಿದ್ದರೆ ಅನುಮಾನ ಇಲ್ಲಿಗೆ.

ನಾಲ್ಕನೆಯ ಪ್ರಶ್ನೆ: ನನ್ನನ್ನು ಕರೆಯುವವರು ಹೇಗೆ ಹುಡುಕುತ್ತಾರೆ?
ಕರೆ ಕುದುರಿಸಲು ಎರಡು ಭಾಷೆಗಳಿವೆ. ಒಂದು, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1996ರಲ್ಲಿ ಒಪ್ಪಿದ ಎಚ್.323. ಇನ್ನೊಂದು ಸಿಪ್, ಇಂದು ಬಳಕೆಯಲ್ಲಿರುವ ಅದರ ರೂಪ 2002ರದು. ಎಚ್.323ರಲ್ಲಿ ಯಂತ್ರವು ಗೇಟ್‌ಕೀಪರ್ ಬಳಿ ತನ್ನ ಹೆಸರು ಮತ್ತು ಕಿರು ನಂಬರನ್ನು ದಾಖಲಿಸುತ್ತದೆ. ಸಿಪ್‌ನಲ್ಲಿ ರಿಜಿಸ್ಟ್ರಾರ್ ಸರ್ವರ್ ಬಳಿ ಬಳಕೆದಾರ ಹೆಸರು ಮತ್ತು ಗುಪ್ತಪದ ಕೊಟ್ಟು ದಾಖಲಾಗುತ್ತದೆ. ಇದು ಶಾಲೆಯ ಹಾಜರಿ ಪುಸ್ತಕ ಇದ್ದಂತೆ. ದಾಖಲಾಗದ ಯಂತ್ರದಿಂದ ಐಪಿ ವಿಳಾಸ ಒತ್ತಿ ಹೊರಗೆ ಕರೆಯಬಹುದು, ಆದರೆ ಕಿರು ನಂಬರಿನಿಂದ ಯಾರೂ ಅದನ್ನು ಕರೆಯಲಾರರು. ಎರಡು ಭಾಷೆಗಳಿಗೂ ನಿಗದಿತ ಬಾಗಿಲುಗಳಿವೆ: ಎಚ್.323 ಕರೆಗೆ ಟಿಸಿಪಿ 1720, ಗೇಟ್‌ಕೀಪರ್ ದಾಖಲಾತಿಗೆ ಯುಡಿಪಿ 1719. ಸಿಪ್‌ಗೆ 5060, ಗೂಢಲಿಪಿಯ ಸಿಪ್‌ಗೆ 5061. ಈ ಬಾಗಿಲುಗಳನ್ನೇ ಪೋರ್ಟ್ ಎನ್ನುವುದು.

ಐದನೆಯ ಪ್ರಶ್ನೆ: ಮಾತು ಮತ್ತು ಚಿತ್ರ ಯಾವ ದಾರಿಯಲ್ಲಿ ಬರುತ್ತವೆ?
ಮದುವೆಯ ಮಾತುಕತೆಗೆ ನಾಲ್ಕು ಜನ ಹೋಗಿ ಬರುತ್ತಾರೆ. ದಿಬ್ಬಣ ಬರುವುದು ಎರಡು ಬಸ್ಸಿನಲ್ಲಿ. ಮಾತುಕತೆ ಮುಗಿಯಿತೆಂದು ಬಸ್ಸು ಗೇಟಿನೊಳಗೆ ಬಂತು ಎನ್ನಲಾಗದು. ಕರೆ ಕುದುರಿಸುವ ಸಂದೇಶ ಹೋಗುವುದು ಮೇಲೆ ಹೇಳಿದ ಪೋರ್ಟ್‌ಗಳಲ್ಲಿ. ಮಾತು-ಚಿತ್ರದ ಹರಿವು ಯುಡಿಪಿಯ ಬೇರೊಂದು ಸಾಲು ಪೋರ್ಟ್‌ಗಳಲ್ಲಿ ಬರುತ್ತದೆ. ಪಾಲಿಕಾಮ್ ಯಂತ್ರಗಳಲ್ಲಿ ಈ ಸಾಲನ್ನು ಸ್ಥಿರಗೊಳಿಸಿದರೆ ಅದು 3230ರಿಂದ ಆರಂಭವಾಗುತ್ತದೆ; ಬೇರೆ ಯಂತ್ರಗಳಲ್ಲಿ ಬೇರೆ ಸಾಲು ಇರುತ್ತದೆ. ಫೈರ್‌ವಾಲ್ ಈ ಸಾಲನ್ನು ಬಿಡದಿದ್ದರೆ ಕರೆ ಸೇರುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ.

ಇಲ್ಲಿ ಹಾಸ್ಟೆಲ್ ಪತ್ರವನ್ನು ಮತ್ತೆ ನೆನಪಿಸಲಾಯಿತು. 192.168ರಿಂದ ಅಥವಾ 10ರಿಂದ ಆರಂಭವಾಗುವ ವಿಳಾಸಗಳು ಖಾಸಗಿ, ಅಂದರೆ ಕೊಠಡಿ ನಂಬರಿನಂಥವು. ವಾರ್ಡನ್ ಮಾಡಿದ ಕೆಲಸ ರೂಟರಿನ ಎನ್‌ಎಟಿ. ರೂಟರ್ ಲಕೋಟೆಯನ್ನು ಬದಲಿಸುತ್ತದೆ, ಪತ್ರದ ಒಳಗಿನ ವಿಳಾಸ ಹಾಗೆಯೇ ಉಳಿಯುತ್ತದೆ. ಎದುರಿನ ಯಂತ್ರ ಒಳಗಿನ ವಿಳಾಸಕ್ಕೆ ಚಿತ್ರ ಕಳಿಸಲು ಹೋಗಿ ಕಳೆದುಕೊಳ್ಳುತ್ತದೆ. ಹಾಗಾಗಿಯೇ “ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ.” ಗುಂಪುಗಳು ಹೇಳಿದ ಎರಡು ಉಪಾಯಗಳೇ ಎರಡು ಸೆಟ್ಟಿಂಗ್‌ಗಳು: ಯಂತ್ರದ ಎನ್‌ಎಟಿ ಪುಟದಲ್ಲಿ ಶಾಲೆಯ ಸಾರ್ವಜನಿಕ ವಿಳಾಸ ಬರೆಯುವುದು, ರೂಟರಿನಲ್ಲಿ ಆ ಪೋರ್ಟ್‌ಗಳಿಗೆ ಬಂದದ್ದನ್ನು ಯಂತ್ರದ ಒಳವಿಳಾಸಕ್ಕೆ ಕಳಿಸು ಎಂದು ಹೇಳುವುದು. ಶಾಲೆಗೆ ಸ್ಥಿರ ಸಾರ್ವಜನಿಕ ವಿಳಾಸವಿಲ್ಲದಿದ್ದರೆ ಈ ದಾರಿ ನಿಲ್ಲುವುದಿಲ್ಲ. ಆಗ ಹೊರಗಿನ ಸರ್ವರಿನ ಮೂಲಕ ಫೈರ್‌ವಾಲ್ ದಾಟುವ ಸೌಲಭ್ಯ ಬೇಕು, ಎಚ್.323ಕ್ಕೆ ಅದು ಎಚ್.460 ಎಂಬ ಹೆಸರಿನಲ್ಲಿ ಸಿಗುತ್ತದೆ. ಕೆಲವು ರೂಟರ್‌ಗಳು ಪತ್ರ ಬಿಚ್ಚಿ ಒಳಗಿನ ವಿಳಾಸವನ್ನೂ ತಾವೇ ತಿದ್ದಲು ಹೋಗುತ್ತವೆ. ಯಂತ್ರವೂ ತಿದ್ದಿ ರೂಟರೂ ತಿದ್ದಿದರೆ ಗೊಂದಲ. ಆದ್ದರಿಂದ ತಿದ್ದುವ ಕೆಲಸ ಒಬ್ಬರಿಗೇ ಕೊಡಬೇಕು.

ಆರನೆಯ ಪ್ರಶ್ನೆ: ದಾರಿ ಎಷ್ಟು ಅಗಲ?
ಕರೆಯ ವೇಗ 768 ಕೆಬಿಪಿಎಸ್ ಎಂದು ಇಟ್ಟರೆ ದಾರಿಯಲ್ಲಿ ಅದು ಅಷ್ಟೇ ಜಾಗ ಹಿಡಿಯುವುದಿಲ್ಲ. ಪ್ರತಿ ತುಣುಕಿಗೂ ಲಕೋಟೆಯ ತೂಕವಿದೆ. ಸುಮಾರು ಶೇ 20 ಸೇರಿಸಿ ಲೆಕ್ಕ ಹಾಕುವುದು ರೂಢಿ. ಹಲಗೆಯ ಮೇಲೆ ಮಾಡಿಸಿದ ಲೆಕ್ಕ:
768 × 1.2 = 922 ಕೆಬಿಪಿಎಸ್ (ಸುಮಾರು)
384 × 1.2 = 461 ಕೆಬಿಪಿಎಸ್ (ಸುಮಾರು)
ಶಾಲೆಯ ಸಂಪರ್ಕ “8 ಎಂಬಿಪಿಎಸ್” ಎಂದಿದ್ದರೂ ಅದು ಇಳಿಕೆಯ ವೇಗವಾಗಿರಬಹುದು. ನಮ್ಮ ಚಿತ್ರ ಹೊರಹೋಗುವುದು ಏರಿಕೆಯ ವೇಗದಲ್ಲಿ. ಏರಿಕೆ 512 ಕೆಬಿಪಿಎಸ್ ಮಾತ್ರ ಇದ್ದರೆ 384ರ ಕರೆಯೇ ಗತಿ, ಅದೂ ಕಚೇರಿಯವರು ಆ ಹೊತ್ತಿನಲ್ಲಿ ಕಡತ ಏರಿಸದಿದ್ದರೆ. ಹೆಚ್ಚು ವೇಗದ ಒಡೆದ ಚಿತ್ರಕ್ಕಿಂತ ಕಡಿಮೆ ವೇಗದ ನಿಂತ ಚಿತ್ರ ಮೇಲು. ಮಕ್ಕಳಿಗೆ ಮೊದಲು ಬೇಕಾದದ್ದು ಧ್ವನಿ.

ಇದೇ ಪ್ರಶ್ನೆಯಡಿ ಎರಡು ಸೆಟ್ಟಿಂಗ್‌ಗಳಿವೆ. ಸೇವಾ ಗುಣಮಟ್ಟದ ಗುರುತು ಆಂಬ್ಯುಲೆನ್ಸ್‌ನ ಸೈರನ್ ಇದ್ದಂತೆ. ಧ್ವನಿಗೆ 46, ಚಿತ್ರಕ್ಕೆ 34 ಎಂಬ ಡಿಎಸ್‌ಸಿಪಿ ಸಂಖ್ಯೆ ಸಾಮಾನ್ಯ. ದಾರಿಯ ರೂಟರ್‌ಗಳು ಸೈರನ್‌ಗೆ ದಾರಿ ಬಿಟ್ಟರೆ ಮಾತ್ರ ಪ್ರಯೋಜನ. ಇನ್ನೊಂದು ಡ್ಯೂಪ್ಲೆಕ್ಸ್. ಯಂತ್ರ “ಸ್ವಯಂ” ಎಂದಿದ್ದು ಸ್ವಿಚ್ಚನ್ನು “ಪೂರ್ಣ” ಎಂದು ಬಿಗಿದಿಟ್ಟರೆ ಯಂತ್ರ ಅರ್ಧ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಆಗ ಪಿಂಗ್ ಸರಿಯಾಗಿ ಬರುತ್ತದೆ, ಚಿತ್ರ ಮಾತ್ರ ಸದಾ ಒಡೆಯುತ್ತದೆ. ಎರಡೂ ಕಡೆ “ಸ್ವಯಂ” ಅಥವಾ ಎರಡೂ ಕಡೆ “ಪೂರ್ಣ” ಇರಬೇಕು.

ಏಳನೆಯ ಪ್ರಶ್ನೆ: ಯಾರು ಒಳಗೆ ಬರಬಹುದು?
ಇದು ಬೇರೆ ಕಡೆಗಿಂತ ಶಾಲೆಯಲ್ಲಿ ಹೆಚ್ಚು ಮುಖ್ಯ. ಸಾರ್ವಜನಿಕ ವಿಳಾಸದಲ್ಲಿ ತೆರೆದ 1720 ಅಥವಾ 5060 ಪೋರ್ಟ್‌ಗೆ ಅಪರಿಚಿತ ಕರೆಗಳು ಬರುವುದುಂಟು. “ಸ್ವಯಂ ಉತ್ತರ” ಚಾಲೂ ಇದ್ದರೆ ತರಗತಿಯ ಕ್ಯಾಮೆರಾ ಯಾರಿಗೋ ತೆರೆದುಕೊಳ್ಳುತ್ತದೆ. ಆದ್ದರಿಂದ ಸ್ವಯಂ ಉತ್ತರ ನಿಲ್ಲಿಸಬೇಕು. ಕಾರ್ಖಾನೆಯಿಂದ ಬಂದ ಗುಪ್ತಪದ ಬದಲಿಸಬೇಕು. ನಿರ್ವಹಣಾ ಪುಟ ಹೊರಗಿನಿಂದ ತೆರೆಯದಂತೆ ನೋಡಬೇಕು. ಗೂಢಲಿಪಿ ಚಾಲೂ ಇರಬೇಕು. ಪಾಠ ಮುಗಿದ ಮೇಲೆ ಕ್ಯಾಮೆರಾ ಮುಚ್ಚಬೇಕು. ಗಡಿಯಾರದ ಸೆಟ್ಟಿಂಗ್ ಸಹ ಈ ಗುಂಪಿಗೇ ಸೇರಿದ್ದು. ಯಂತ್ರದ ದಿನಾಂಕ ತಪ್ಪಾಗಿದ್ದರೆ ಗೂಢಲಿಪಿಯ ಪ್ರಮಾಣಪತ್ರವನ್ನು ಅದು ತಿರಸ್ಕರಿಸುತ್ತದೆ, ಕರೆಯೇ ಸೇರುವುದಿಲ್ಲ.

ಹಂತ 4: ವಿಸ್ತರಣೆ (10 ನಿಮಿಷ)

ಇಬ್ಬರ ನಡುವಿನ ಕರೆಯಿಂದ ಹಲವು ಶಾಲೆಗಳ ಕರೆಗೆ ಹೋದಾಗ ಎಲ್ಲರನ್ನೂ ಕೂಡಿಸುವ ಬಹುಕೇಂದ್ರ ಘಟಕ ಬೇಕಾಗುತ್ತದೆ. ಪಾಲಿಕಾಮ್ ಆರ್‌ಎಂಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ನಿರ್ವಹಣೆಯ ನೆಟ್‌ವರ್ಕ್ ಬೇರೆ, ಕರೆಗಳ ಐಪಿ ನೆಟ್‌ವರ್ಕ್ ಸೇವೆ ಬೇರೆ. ಆ ಸೇವೆಯೊಳಗೂ ಕರೆ ಕುದುರಿಸುವುದಕ್ಕೆ ಒಂದು ವಿಳಾಸ, ಮಾತು-ಚಿತ್ರ ಸಂಸ್ಕರಿಸುವ ಕಾರ್ಡುಗಳಿಗೆ ಬೇರೆ ವಿಳಾಸಗಳು. ಮಾತುಕತೆ ಬೇರೆ, ದಿಬ್ಬಣ ಬೇರೆ ಎಂಬ ಮಾತನ್ನು ಯಂತ್ರ ರೂಪಿಸಿದವರೇ ಚೌಕಗಳಲ್ಲಿ ಬರೆದಿಟ್ಟಂತಾಯಿತು.

ಎಲ್ಲ ತೊಂದರೆಯೂ ಸೆಟ್ಟಿಂಗಿನದಲ್ಲ ಎಂಬುದನ್ನು ತೋರಿಸಲು ಒಂದು ಭೌತಶಾಸ್ತ್ರದ ಲೆಕ್ಕ ಕೊಡಲಾಯಿತು. ಇಸ್ರೋ 2004ರ ಸೆಪ್ಟೆಂಬರ್ 20ರಂದು ಉಡಾಯಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಪ್ರಸಾರವಾಗಿತ್ತು. ಭೂಸ್ಥಿರ ಕಕ್ಷೆ ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿದೆ. ಏರಿ ಇಳಿಯಲು 71,572 ಕಿ.ಮೀ.; ಸೆಕೆಂಡಿಗೆ 3,00,000 ಕಿ.ಮೀ. ವೇಗದ ಬೆಳಕಿಗೂ ಸುಮಾರು 0.24 ಸೆಕೆಂಡು ಬೇಕು. ಸಂಭಾಷಣೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 0.15 ಸೆಕೆಂಡಿನೊಳಗಿದ್ದರೆ ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅಂದರೆ ಉಪಗ್ರಹದ ಮೂಲಕ ಪ್ರಶ್ನೋತ್ತರ ನಡೆಸಿದರೆ ಯಾವ ಚೌಕ ತಿದ್ದಿದರೂ ಈ ವಿಳಂಬ ಹೋಗದು. ತಿದ್ದಬೇಕಾದದ್ದು ಶಿಕ್ಷಕರ ರೂಢಿಯನ್ನು: ಪ್ರಶ್ನೆ ಕೇಳಿ, ಎರಡು ಉಸಿರು ಕಾದು, ಆಮೇಲೆ ಮುಂದಿನ ಮಾತು.

ಹಂತ 5: ಮೌಲ್ಯಮಾಪನ (15 ನಿಮಿಷ)

ಪ್ರತಿ ಗುಂಪಿಗೆ ಒಂದು ಲಕ್ಷಣ ಚೀಟಿ. ಗುಂಪು ಹೇಳಬೇಕಾದದ್ದು ಮೂರು: ಇದು ಎಷ್ಟನೆಯ ಪ್ರಶ್ನೆ? ಮೊದಲು ಏನು ನೋಡುವಿರಿ? ತಂತ್ರಜ್ಞರಿಗೆ ಫೋನಿನಲ್ಲಿ ಏನು ಹೇಳುವಿರಿ?
1. ಯಂತ್ರದ ವಿಳಾಸ 169.254.18.7 ಎಂದು ತೋರುತ್ತಿದೆ.
2. ಪಕ್ಕದ ಕೊಠಡಿಗೆ ಕರೆ ಹೋಗುತ್ತದೆ, ಹೊರಗೆ ಹೋಗುವುದಿಲ್ಲ.
3. ನಂಬರಿನ ವಿಳಾಸಕ್ಕೆ ಕರೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ.
4. ಐಪಿ ವಿಳಾಸ ಒತ್ತಿ ನಾವು ಕರೆಯಬಹುದು. ಕಿರು ನಂಬರಿನಿಂದ ನಮ್ಮನ್ನು ಯಾರಿಗೂ ಕರೆಯಲಾಗುತ್ತಿಲ್ಲ.
5. ಕರೆ ಸೇರಿದೆ, ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ.
6. ಬೆಳಿಗ್ಗೆ ಚಿತ್ರ ಚೆನ್ನಾಗಿದೆ. ಕಚೇರಿಯ ಕೆಲಸ ಜೋರಾದ ಮಧ್ಯಾಹ್ನ ಒಡೆಯುತ್ತದೆ.

ಗೃಹಪಾಠ: ನಿಮ್ಮ ಬೋಧನಾಭ್ಯಾಸ ಶಾಲೆಯ ಸಂಪರ್ಕದ ಏರಿಕೆಯ ವೇಗವನ್ನು ಪರೀಕ್ಷಿಸಿ, ಅದಕ್ಕೆ ತಕ್ಕ ಕರೆಯ ವೇಗವನ್ನು ಲೆಕ್ಕ ಹಾಕಿ ಬರೆಯಿರಿ.

ಅವಲೋಕನ

ಕಲಿಯುವವರಲ್ಲಿ ಗಟ್ಟಿಯಾಗಿ ಕೂತಿದ್ದ ತಪ್ಪು ಗ್ರಹಿಕೆ ಒಂದು: “ಕರೆ ಸೇರಿತು ಎಂದರೆ ನೆಟ್‌ವರ್ಕ್ ಸರಿಯಾಗಿದೆ, ತೊಂದರೆ ಕ್ಯಾಮೆರಾದ್ದೋ ಟಿವಿಯದ್ದೋ.” ಹಾಸ್ಟೆಲ್ ಪತ್ರ ಅದನ್ನು ಅಲುಗಿಸಿತು. ಐದನೆಯ ಚೀಟಿ ಸಿಕ್ಕ ಗುಂಪಿನಲ್ಲಿ ಕನ್ನಡ ವಿಭಾಗದ ಪ್ರಶಿಕ್ಷಣಾರ್ಥಿಯೊಬ್ಬರು “ಮೇಡಂ, ಇಲ್ಲಿ ಪತ್ರದೊಳಗೆ ಕೊಠಡಿ ನಂಬರು ಬರೆದಿದ್ದಾರೆ” ಎಂದರು. ಎನ್‌ಎಟಿ ಎಂಬ ಪದ ಅವರ ಬಾಯಿಗೆ ಬರಲಿಲ್ಲ, ಆದರೆ ದೋಷ ಎಲ್ಲಿದೆ ಎಂಬುದು ಬಂದಿತ್ತು. ಪದವನ್ನು ಯಂತ್ರದ ಪುಟ ನೋಡಿ ಹೇಳಬಹುದು. ತಿಳಿವಳಿಕೆಯನ್ನು ಅಲ್ಲಿ ಓದಿ ಪಡೆಯಲಾಗದು. ಕಷ್ಟವೆನಿಸಿದ್ದು ಸಬ್‌ನೆಟ್ ಮಾಸ್ಕ್. 255.255.255.0 ಬಿಟ್ಟು ಬೇರೆ ಮಾಸ್ಕ್‌ಗೆ ಬೀದಿ-ಮನೆಯ ಹೋಲಿಕೆ ಸುಲಭವಾಗಿ ಒಗ್ಗುವುದಿಲ್ಲ; ದ್ವಿಮಾನ ಸಂಖ್ಯೆಗಳ ಪಾಠ ಮುಂಚಿತವಾಗಿ ಆಗಿದ್ದರೆ ಮಾತ್ರ ಅದನ್ನು ಎತ್ತಿಕೊಳ್ಳಬೇಕು.

ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಸೂಚನೆಗಳು. ಸೆಟ್ಟಿಂಗ್ ಮುಟ್ಟುವ ಮುನ್ನ ಈಗಿರುವ ಎಲ್ಲ ಪುಟಗಳ ಫೋಟೊ ತೆಗೆದಿಡಿ. ಒಂದು ಸಲಕ್ಕೆ ಒಂದೇ ಚೌಕ ಬದಲಿಸಿ, ಬದಲಿಸಿದ್ದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆಯಿರಿ. ಪ್ರಶ್ನೆಗಳನ್ನು ಒಂದರಿಂದ ಏಳರವರೆಗೆ ಅದೇ ಕ್ರಮದಲ್ಲಿ ಕೇಳಿ. ಎರಡನೆಯದಕ್ಕೆ ಉತ್ತರವಿಲ್ಲದೆ ಐದನೆಯದಕ್ಕೆ ಹಾರಬೇಡಿ. ಹೊರಗಿನ ಶಾಲೆಯೊಂದಿಗೆ ಪರೀಕ್ಷಾ ಕರೆಯನ್ನು ಪಾಠದ ಹಿಂದಿನ ದಿನವೇ ಮಾಡಿ. ಪಾಠದ ಹೊತ್ತು ಮಕ್ಕಳದು. ಯಂತ್ರದ ಪರೀಕ್ಷೆಗೆ ಅದನ್ನು ಬಳಸಬಾರದು.